ಓತಿ ಕೂತಷ್ಟು ಹೊತ್ತು

ಬೆಳಿಗ್ಗೆ ಒಂಬತ್ತು ನಲವತ್ತು. ಭಾನುವಿನ ಎಡಗಾಲಿನ ಶೂ ಮೇಲೆ ಒಂದು ಓತಿ ಹತ್ತಿ ಕೂತಿತ್ತು.

ಜೂನ್ ಹದಿನೈದು, ಭಾನುವಾರ. ಜಾಗ, ಗುಮ್ಮಳಾಪುರದ ಆಚೆ ಉತ್ತ ಹೊಲಗಳ ನಡುವೆ ಎದ್ದು ನಿಂತಿರುವ ಕಾಳೇಗುಂಡು ಎಂಬ ಬೋಳು ಬಂಡೆಯ ನೆತ್ತಿ. ಓತಿ ಹೆಣ್ಣು. ಬಾಲ ಬಿಟ್ಟರೆ ಅಂಗೈಯಷ್ಟು ಉದ್ದ, ಮೈಗೆ ಬಂಡೆಯದೇ ಬಣ್ಣ, ಬೆನ್ನ ಮೇಲೆ ಮಾಸಲು ಚುಕ್ಕಿ. ಅದು ಲೇಸಿನ ಗಂಟನ್ನು ಒಂದು ಕಣ್ಣಿನಿಂದ ನೋಡಿತು. ಆಮೇಲೆ ತಲೆ ಓರೆ ಮಾಡಿ ಇನ್ನೊಂದು ಕಣ್ಣಿನಿಂದ ನೋಡಿತು.

ಭಾನು ಉಸಿರು ಬಿಗಿ ಹಿಡಿದಿರಲಿಲ್ಲ. ಅದಕ್ಕೂ ಶಕ್ತಿ ಬೇಕು. ರಾತ್ರಿ ಪಾಳಿ ಮುಗಿಸಿ ಆರು ಗಂಟೆಗೆ ಫ್ಯಾಕ್ಟರಿ ಗೇಟು ದಾಟಿ, ಹೊಸೂರಿನಲ್ಲಿ ತಳಿ ಬಸ್ಸು ಹಿಡಿದು, ತಳಿಯಿಂದ ಜೀಪಿನಲ್ಲಿ ಹನ್ನೊಂದು ಜನರ ನಡುವೆ ಒಂಟಿ ಕಾಲಿನ ಜಾಗದಲ್ಲಿ ನಿಂತು ಬಂದು, ಒಂದು ಗಂಟೆ ಬಂಡೆ ಹತ್ತಿ ಕೂತವಳು ಅವಳು. ಅಲ್ಲಾಡದೆ ಕೂರುವುದು ಅವಳಿಗೆ ಸಾಧನೆಯಾಗಿರಲಿಲ್ಲ, ಅಲ್ಲಾಡುವುದೇ ಕಷ್ಟವಾಗಿತ್ತು.

"ಅಲ್ಲಾಡ್ಬ್ಯಾಡಿ ಅಕ್ಕ," ಎಂದ ಯುವರಾಜ್, ತುಟಿ ತೆರೆದೂ ತೆರೆಯದ ಹಾಗೆ. ಅವನು ಎರಡು ಮಾರು ದೂರದಲ್ಲಿ ಮೊಣಕಾಲು ಅಪ್ಪಿ ಕೂತಿದ್ದ.

ಅಕ್ಕ.

ಅವನಿಗೆ ಮೂವತ್ತೊಂಬತ್ತು. ಅವಳಿಗೆ ಮೂವತ್ತಾರು. ಇದು ಅಂದಾಜಲ್ಲ. ಫ್ಯಾಕ್ಟರಿಯ ಹೆಲ್ತ್ ಕ್ಯಾಂಪಿನಲ್ಲಿ ಇಬ್ಬರೂ ಹಿಂದುಮುಂದಾಗಿ ನಿಂತು ಹುಟ್ಟಿದ ತಾರೀಕು ಬರೆಸಿದ್ದರು. ಮೂರು ವರ್ಷ ದೊಡ್ಡವನು ತನ್ನನ್ನು ಅಕ್ಕ ಅನ್ನುವಾಗ ಭಾನುವಿಗೆ ಪ್ರತಿ ಸಲವೂ ಒಂದೇ ಜಾಗದಲ್ಲಿ ನೋಯುತ್ತಿತ್ತು. ಮೂರು ತಿಂಗಳಿಂದ ನೋಯುತ್ತಿತ್ತು.

ಆ ಕ್ಯಾಂಪಿನಲ್ಲೇ ಇದೆಲ್ಲ ಶುರುವಾದದ್ದು. ಡಾಕ್ಟರು ಅವಳ ರಿಪೋರ್ಟು ನೋಡಿ, ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ನಡೆಯಿರಿ ಅಂದಿದ್ದರು. ಅವಳು ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಇನ್‌ಸ್ಪೆಕ್ಟರ್. ಪಾಳಿಗೆ ಎರಡು ಸಾವಿರ ಪೀಸು, ಕೂತಲ್ಲೇ. ಪಕ್ಕದ ಟೇಬಲಿನ ಶಾಂತಿ, ಭಾನುವಾರ ಬೆಟ್ಟ ಹತ್ತುವ ಒಂದು ಗುಂಪಿದೆ ಎಂದು ಎಳೆದುಕೊಂಡು ಬಂದಳು. ಡಿಸೆಂಬರಿನಲ್ಲಿ ಏಳು ಜನ ಇದ್ದರು. ಜನವರಿಯಲ್ಲಿ ನಾಲ್ಕು. ಫೆಬ್ರವರಿಯಲ್ಲಿ ಶಾಂತಿಯೇ "ಎನ್ನಾಲ ಮುಡಿಯಾದಮ್ಮ" ಎಂದು, ತನ್ನ ಕೈಲಾಗದೆಂದು, ಕೈಬಿಟ್ಟಳು. ಉಳಿದವರು ಇಬ್ಬರು, ಭಾನು ಮತ್ತು ಇನ್ನೊಂದು ಯೂನಿಟ್ಟಿನ ಎಲೆಕ್ಟ್ರೀಷಿಯನ್ ಯುವರಾಜ್.

ಅವನು ಇದೇ ಸೀಮೆಯವನು. ಸಾಕಿದ ಅಜ್ಜಿ ಪಿಳ್ಳಮ್ಮ ಏಳು ವರ್ಷ ಹಾಸಿಗೆ ಹಿಡಿದಿದ್ದರು. ಪಾಳಿ ಮುಗಿಸಿ ಬಂದು ಅಜ್ಜಿಗೆ ಸ್ನಾನ ಮಾಡಿಸಿ ಊಟ ಮಾಡಿಸುವುದರಲ್ಲಿ ಅವನ ಮದುವೆಯ ವಯಸ್ಸು ಕಳೆದುಹೋಗಿತ್ತು. ಅಜ್ಜಿ ಹೋಗಿ ಒಂದು ವರ್ಷವಾಗಿತ್ತು. ಭಾನುವಾರ ಮನೆಯಲ್ಲಿ ಏನು ಮಾಡಬೇಕೆಂದು ಗೊತ್ತಾಗದೆ ಬೆಟ್ಟಕ್ಕೆ ಬರುತ್ತಿದ್ದ.

ಓತಿಗಳನ್ನು ತೋರಿಸಿದವನು ಅವನೇ. ಮೊದಲ ದಿನ ಭಾನು ಕಿರುಚಿದ್ದಳು. ಅವನು ನಕ್ಕಿರಲಿಲ್ಲ. "ಅದ್ಕೂ ಹಂಗೇ ಭಯ ಆಗದೆ. ಕೂತ್ಕಳಿ. ನಾವು ಬಂಡೆ ಅಂತ ಅಂದ್ಕಂಡ್ರೆ ಅವೇ ಬತ್ತವೆ," ಅಂದಿದ್ದ. ಅವನ ನಿಯಮ ಎರಡೇ. ಮುಟ್ಟಬಾರದು, ತಿನ್ನಿಸಬಾರದು. ಆದರೂ ಅವರು ತಿನ್ನುವ ಪುರಿಯ ಕಾಳು ಉದುರುತ್ತಿತ್ತು. ಕಾಳಿಗೆ ಇರುವೆ ಬರುತ್ತಿತ್ತು. ಇರುವೆಗೆ ಓತಿ ಬರುತ್ತಿತ್ತು. ಅದಕ್ಕೆ ತಾನು ಜವಾಬ್ದಾರನಲ್ಲ ಎಂದು ಅವನು ಗಂಭೀರವಾಗಿ ಹೇಳುತ್ತಿದ್ದ.

ಬಾಲ ತುಂಡಾದ ಗಂಡು ಓತಿಗೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಅದು ದಿನಕ್ಕೆ ನಾಲ್ಕು ಸಲ ಬಂಡೆಯ ಅಂಚು ಸುತ್ತಿ, ಎತ್ತರದ ಕಲ್ಲಿನ ಮೇಲೆ ನಿಂತು, ಮುಂಗಾಲು ಊರಿ ದಂಡ ಹೊಡೆಯುತ್ತಿತ್ತು. ಇರುವೆಯನ್ನು ನುಂಗುವ ಮೊದಲು ಎರಡೂ ಕಣ್ಣಿನಿಂದ ನೋಡುವ ಹೆಣ್ಣಿಗೆ ಇನ್‌ಸ್ಪೆಕ್ಟರಮ್ಮ ಅನ್ನುತ್ತಿದ್ದರು. ಆ ಹೆಸರು ಯುವರಾಜ್ ಇಟ್ಟದ್ದು, ಭಾನುವಿನ ಕಡೆ ನೋಡದೆ, ಬಾಟಲಿಯ ಮುಚ್ಚಳ ತಿರುಗಿಸುತ್ತ.

"ರಿಜೆಕ್ಟ್ ಮಾಡ್ಬುಡ್ತು ನೋಡಿ," ಅಂದಿದ್ದ, ಓತಿ ಒಂದು ಇರುವೆಯನ್ನು ನುಂಗದೆ ಬಿಟ್ಟಾಗ.

"ಸೈಜ್ ಸರಿ ಇಲ್ಲ ಅದು. ನಾನಾದ್ರೂ ರಿಜೆಕ್ಟೇ."

"ನಿಮ್ ಕೈಲಿ ಪಾಸ್ ಆಗೋದು ಕಷ್ಟ ಬಿಡಿ."

"ಯಾರ್ಗೆ?"

ಅವನು ಬಾಟಲಿಯ ಮುಚ್ಚಳ ಮತ್ತೆ ತಿರುಗಿಸಿದ್ದ. ಕಿವಿಯ ತುದಿ ಕೆಂಪಾಗಿತ್ತು. ಮಳೆ ಬಿದ್ದ ಮೇಲೆ ಗಂಡು ಓತಿ ಹೆಣ್ಣನ್ನು ಕಂಡರೆ ಎರಡೇ ನಿಮಿಷದಲ್ಲಿ ಬೆನ್ನು ಕೆಂಪು ಮಾಡಿಕೊಳ್ಳುತ್ತದೆ ಎಂದು ಅವನೇ ಆ ದಿನ ಹೇಳಿದ್ದ. "ಗಂಡಸ್ರದ್ದು ಅಷ್ಟ್ ಬೇಗ ಗೊತ್ತಾಗ್ಬುಟ್ರೆ ಒಳ್ಳೇದು," ಎಂದು ಅವಳು ಬಂಡೆಗೆ ಹೇಳಿದ್ದಳು. ಅವನ ಕಿವಿಯ ಕೆಂಪು ಕೊರಳಿಗೆ ಇಳಿದಿತ್ತು.

ಆಗ ಅವನು ಭಾನು ಅನ್ನುತ್ತಿದ್ದ. 'ಭಾನು, ನೀರು ಕೊಡ್ಲಾ?' 'ಭಾನು, ಆ ಕಲ್ಲು ಅಲ್ಲಾಡ್ತದೆ, ಈ ಕಡೆ ಬನ್ನಿ.' ಆ ಹೆಸರನ್ನು ಅವನು ಹಗುರವಾದ ಪೆಟ್ಟಿಗೆ ಇಳಿಸುವವನಂತೆ ಮೆಲ್ಲಗೆ ಇಡುತ್ತಿದ್ದ.

ಆಮೇಲೆ ಮಾರ್ಚ್ ಒಂಬತ್ತು. ಬೆಟ್ಟದ ಬುಡದಲ್ಲಿ ಟೀ ಅಂಗಡಿ ಇಟ್ಟಿರುವ ಕದಿರಮ್ಮ ಅವರಿಬ್ಬರಿಗೂ ಟೀ ಕೊಡುತ್ತ, "ಏನ್ಲಾ ಯುವ್ರಾಜ, ಗಂಡ ಹೆಂಡ್ರು ವಾರಾ ವಾರಾ ಬತ್ತೀರ, ಮಕ್ಳುಮರಿ ಇಲ್ವಾ?" ಎಂದು ಕೇಳಿಬಿಟ್ಟರು. ಯುವರಾಜನಿಗೆ ಟೀ ನೆತ್ತಿಗೇರಿತು. ಭಾನು ದುಡ್ಡು ಕೊಟ್ಟು ಜೀಪಿನ ಕಡೆ ನಡೆದಳು. ಅವತ್ತು ಅವಳಿಗೆ ಮಧ್ಯಾಹ್ನದ ಪಾಳಿ ಇತ್ತು. ಸಂಜೆ ಅವನಿಂದ ವಾಟ್ಸಾಪಿನಲ್ಲಿ ಪ್ರಶ್ನೆ ಬಂತು. ನಿಮಗೆ ಮದುವೆ ಆಯ್ತಾ, ತಪ್ಪು ತಿಳ್ಕೋಬೇಡಿ, ಜನ ಮಾತಾಡ್ತಾರೆ ಅದಕ್ಕೆ ಕೇಳಿದೆ, ಎಂದು.

ಆಗಿಲ್ಲ ಎಂದು ಅವಳು ಒಂದೇ ಪದದಲ್ಲಿ ಉತ್ತರ ಕಳಿಸಿದಳು. ಕಳಿಸಿ, ಗ್ಲೌಸು ಹಾಕಿಕೊಳ್ಳದೆ, ಫೋನು ಹಿಡಿದು ನಿಂತಳು. ನಾಲ್ಕು ನಿಮಿಷದ ನಂತರ ಅವನ ಉತ್ತರ ಬಂತು.

ಸರಿ ಅಕ್ಕ.

ಅಲ್ಲಿಂದ ಅಕ್ಕ. ಮೂವತ್ತಾರಕ್ಕೂ ಮದುವೆಯಾಗದವಳು ಎಂದು ತಿಳಿದ ತಕ್ಷಣ ಒಬ್ಬ ಗಂಡಸು ಅಕ್ಕ ಎಂದರೆ ಅದರ ಅರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಸೆ ಇಟ್ಟುಕೊಳ್ಳಬೇಡ ಎಂದು ಅರ್ಥ. ಅವಳು ಬೆಟ್ಟಕ್ಕೆ ಬರುವುದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಓತಿಗಳಿಗಾಗಿ ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದರಲ್ಲಿ ಅರ್ಧ ನಿಜವಿತ್ತು.

ಇನ್‌ಸ್ಪೆಕ್ಟರಮ್ಮ ಲೇಸಿನ ತುದಿಯನ್ನು ಒಮ್ಮೆ ನೆಕ್ಕಿ ನೋಡಿತು.

"ರಿಜೆಕ್ಟ್," ಎಂದಳು ಭಾನು.

ಯುವರಾಜ್ ನಗಲಿಲ್ಲ. ಅವನ ಮುಖ ಇವತ್ತು ಬೆಳಗಿನಿಂದಲೇ ಬೇರೆ ಥರ ಇತ್ತು. ನಿದ್ದೆಗೆಟ್ಟ ಮುಖ ಅವಳಿಗೆ ಗೊತ್ತು, ಇದು ಅದಲ್ಲ.

"ಅಕ್ಕ, ಒಂದ್ ವಿಷ್ಯ ಹೇಳ್ಬೇಕು."

"ಹೇಳಿ."

"ಚೆನ್ನೈ ಕಡೆ ಹೊಸಾ ಪ್ಲಾಂಟ್ ಮಾಡ್ತಾವ್ರಲ್ಲ, ಅಲ್ಲಿಗೆ ಎಲೆಕ್ಟ್ರೀಷಿಯನ್ ಬೇಕು ಅಂತ ಲಿಸ್ಟ್ ಹಾಕಿದ್ರು. ಒಂದ್ ವರ್ಷಕ್ಕೆ. ನಾನೂ ಹೆಸ್ರು ಕೊಟ್ಟೆ. ಶುಕ್ರವಾರ ಸೈನ್ ಹಾಕಿದೆ. ಬುಧವಾರ ಹೋಗ್ಬೇಕು."

ಮೇಸ್ತ್ರಿ ಎತ್ತರದ ಕಲ್ಲಿನ ಮೇಲೆ ಬಂದು ದಂಡ ಹೊಡೆಯಿತು. ಒಂದು, ಎರಡು, ಮೂರು. ಭಾನು ಎಣಿಸಿದಳು. ಎಣಿಸುವುದು ಅವಳ ಕೆಲಸ. ಏನೂ ತೋಚದಾಗ ಅದು ತಾನಾಗಿಯೇ ನಡೆಯುತ್ತಿತ್ತು.

"ಯಾರೂ ಹೋಗಲ್ಲ ಅಂತಿದ್ರಂತೆ ಅಲ್ಲಿಗೆ. ಬಿಸ್ಲು, ನೀರಿಲ್ಲ ಅಂತ," ಎಂದಳು ಕೊನೆಗೆ.

"ಹೂಂ. ಇಲ್ಲೇನೈತೆ ನಂಗೆ? ಅಜ್ಜೀನೂ ಇಲ್ಲ."

ಇಲ್ಲೇನೈತೆ. ಭಾನುವಿಗೆ ಹೇಳಬೇಕೆನ್ನಿಸಿದ್ದು ಬಹಳವಿತ್ತು. ಆದರೆ ಅಕ್ಕ ಅನ್ನಿಸಿಕೊಂಡ ಬಾಯಿಂದ ಅದು ಹೊರಡಲಿಲ್ಲ. ಅಷ್ಟು ದೂರದಿಂದ, ಅಷ್ಟು ದಣಿದು ಬಂದು, ಇನ್ನೊಂದು ಸಲ ಬೇಡ ಅನ್ನಿಸಿಕೊಳ್ಳಲು ಅವಳು ತಯಾರಿರಲಿಲ್ಲ.

"ಒಳ್ಳೇದು," ಎಂದಳು.

"ಇನ್ನೊಂದು. ನಾನ್ ಹೋದ್ಮೇಲೆ ಒಬ್ರೇ ಬರ್ಬ್ಯಾಡಿ ಇಲ್ಗೆ. ಆನೆ ತಿರುಗೋ ಜಾಗ. ಬರಂಗಿದ್ರೆ ನಿಮ್ಮೆಜಮಾನ್ರನ್ನ ಕರ್ಕಂಡ್ ಬನ್ನಿ."

"ಯಾರ್ನ?"

"ನಿಮ್ಮೆಜಮಾನ್ರನ್ನ."

ಅವಳು ಅವನ ಕಡೆ ತಿರುಗಿದಳು. ಶೂ ಅಲ್ಲಾಡಿತು. ಓತಿ ಒಂದು ಗೇಣು ಹಾರಿ ಬಂಡೆಯ ಮೇಲೆ ಇಳಿದು, ಬೈಯುವವರಂತೆ ತಲೆ ಎತ್ತಿ ನೋಡಿತು.

"ನಂಗ್ಯಾವ ಯಜಮಾನ್ರು ಯುವರಾಜ್?"

ಅವನ ಮುಖ ಕಂದಿತು. ದನಿ ತಗ್ಗಿಸಿ, "ಸಾರಿ ಅಕ್ಕ. ನಂಗೊತ್ತಿರ್ಲಿಲ್ಲ. ಯಾವಾಗ... ಹೋಗ್ಬುಟ್ರಾ?" ಎಂದ.

"ಯಾರ್ ಹೋಗ್ಬುಟ್ರು? ಬಂದಿದ್ರಲ್ವಾ ಹೋಗಕ್ಕೆ?"

"ಮತ್ತೆ ಮಗು?"

"ಯಾವ ಮಗು?"

"ನಿಮ್ ಫೋಟೋದಲ್ಲೈತಲ್ಲ, ವಾಟ್ಸಾಪಿನಲ್ಲಿ. ಎರಡು ಜಡೆ. ಹೋದ್ ತಿಂಗ್ಳು ಜ್ವರ ಅಂದಿದ್ರಿ."

"ಅದು ನಮ್ಮಣ್ಣ ವೆಂಕಿ ಮಗಳು! ನಿಮ್ಗೆ ಯಾರ್ ಹೇಳಿದ್ರು ನಂಗೆ ಮದ್ವೆ ಆಗಿದೆ ಅಂತ?"

"ನೀವೇ."

"ನಾನಾ?"

ಅವನು ಜೇಬಿನಿಂದ ಫೋನು ತೆಗೆದ. ಬಂಡೆಯ ಮೇಲೆ ಸಿಗ್ನಲ್ ಇರಲಿಲ್ಲ. ಹಳೆಯ ಮೆಸೇಜಿಗೆ ಸಿಗ್ನಲ್ ಬೇಕಾಗಿಯೂ ಇರಲಿಲ್ಲ. ಬೆರಳಿನಿಂದ ಮೇಲೆ ಮೇಲೆ ತಳ್ಳಿದ. ಜೂನ್, ಮೇ, ಏಪ್ರಿಲ್. ಎಲ್ಲ ಬಸ್ಸಿನ ಟೈಮು, ಮಳೆ ಬರಬಹುದಾ, ಸರಿ ಅಕ್ಕ, ಆಯ್ತು ಅಕ್ಕ. ಮಾರ್ಚ್ ಒಂಬತ್ತಕ್ಕೆ ನಿಲ್ಲಿಸಿ ಫೋನನ್ನು ಅವಳ ಕೈಗೆ ಕೊಟ್ಟ.

ಅವನ ಪ್ರಶ್ನೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿತ್ತು. ಕೆಳಗೆ ಅವಳ ಉತ್ತರ ಆರು ಅಕ್ಷರ. ಎ, ಎ, ಜಿ, ಎ, ಎಲ್, ಇ.

"ಸರಿಯಾಗೇ ಐತಲ್ಲ," ಎಂದಳು ಭಾನು. "ಆಗಲೆ."

"ಅದೇ ನಾನು ಹೇಳಿದ್ದು. ಆಗಲೇ. ಆಗ್ಲೇ ಆಗೋಯ್ತು ಅಂತ."

"ಆಗ್ಲೇ ಅಲ್ಲ, ಆಗಲೆ!" ಅವಳ ದನಿ ಏರಿತು. "ತಮಿಳು. ಕಲ್ಯಾಣಂ ಆಗಲೆ. ಆಗಿಲ್ಲ ಅಂತ!"

ಯುವರಾಜ್ ಫೋನನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಮತ್ತೆ ಫೋನನ್ನು ನೋಡಿದ.

"ನಾನು ಕನ್ನಡದಲ್ಲಿ ಕೇಳಿದ್ನಲ್ಲ?"

ಭಾನುವಿಗೆ ಆ ಸಂಜೆ ಪೂರ್ತಿ ನೆನಪಿಗೆ ಬಂತು. ಅವಳ ಅಪ್ಪ ರಾಮಾಂಜಿನಪ್ಪ ಮುಳಬಾಗಿಲು ಕಡೆಯಿಂದ ತಮಿಳುನಾಡಿಗೆ ಸೇರಿದ, ಹೊಸೂರಿನ ಪಕ್ಕದ ಜೂಜುವಾಡಿಗೆ ಲಾರಿ ಕೆಲಸಕ್ಕೆ ಬಂದಾಗ ಅವಳಿಗೆ ಆರು ವರ್ಷ. ಓದಿದ್ದು ತಮಿಳು ಶಾಲೆಯಲ್ಲಿ. ಮನೆಯಲ್ಲಿ ಬಾಯಿಗೆ ಕನ್ನಡ, ಫ್ಯಾಕ್ಟರಿಯಲ್ಲಿ ಬೆರಳಿಗೆ ತಮಿಳು. ಆ ಸಂಜೆ ಶಾಂತಿ, ಡ್ಯೂಟಿಯಿಂದ ಇನ್ನೂ ಬಿಟ್ಟಿಲ್ಲವಾ ಎಂದು ಮೆಸೇಜು ಹಾಕಿದ್ದಳು. ಇನ್ನೂ ಇಲ್ಲ, ಆಗಲೆ, ಎಂದು ಇವಳು ಉತ್ತರಿಸಿದ್ದಳು. ಅದೇ ನಿಮಿಷಕ್ಕೆ ಯುವರಾಜನ ಪ್ರಶ್ನೆ ಬಂದಿತ್ತು. ಉತ್ತರಿಸಲು ಎರಡು ಅಕ್ಷರ ಒತ್ತುತ್ತಿದ್ದಂತೆ ಫೋನು ಅದೇ ಪದವನ್ನು ಮುಂದಿಟ್ಟಿತ್ತು. ಗ್ಲೌಸು ತೆಗೆದ ಬೆವರು ಬೆರಳಿನಿಂದ ಅವಳು ಅದನ್ನು ಒತ್ತಿದ್ದಳು. ಅಷ್ಟೇ ನಡೆದದ್ದು.

ಅದನ್ನೆಲ್ಲ ಅವನಿಗೆ ಹೇಳಿದಳು. ಹೇಳುತ್ತ ಹೇಳುತ್ತ ನಗು ಬಂತು. ಮೇಸ್ತ್ರಿ ಕಲ್ಲಿನ ಸಂದಿಗೆ ಓಡಿತು.

"ಅದ್ಕೇನಾ ಅಕ್ಕ ಅಂದಿದ್ದು?"

"ಮತ್ತೆ?" ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಮದ್ವೆ ಆಗಿರೋರು ಅಂತ ಗೊತ್ತಾದ್ಮೇಲೆ ಹೆಸರು ಹಿಡ್ದು ಕರೆಯಕ್ಕೆ ಭಯ ಆಯ್ತು. ನಿಮ್ಮಿಂದಲ್ಲ. ನನ್ನಿಂದ್ಲೇ. ಅಕ್ಕ ಅಂದ್ರೆ ಮನ್ಸು ಸುಮ್ನಿರ್ತದೆ ಅಂದ್ಕಂಡೆ."

"ಸುಮ್ನಿತ್ತಾ?"

"ಎಲ್ಲಿ ಸುಮ್ನಿತ್ತು. ಅದ್ಕೇ ಲಿಸ್ಟಿಗೆ ಹೆಸ್ರು ಕೊಟ್ಟಿದ್ದು."

ಬಿಸಿಲು ಏರುತ್ತಿತ್ತು. ಕೆಳಗೆ ಹೊಲದಲ್ಲಿ ಟ್ರ್ಯಾಕ್ಟರೊಂದು ಸದ್ದು ಮಾಡಿ ನಿಂತಿತು. ಭಾನು ತನ್ನ ಕೈಗಳನ್ನು ನೋಡಿಕೊಂಡಳು. ಹದಿನಾಲ್ಕು ವರ್ಷದಿಂದ ಲೋಹದ ತುಂಡುಗಳನ್ನು ತಿರುಗಿಸಿ ನೋಡಿದ ಕೈಗಳು. ಕೂದಲೆಳೆಯಷ್ಟು ತಪ್ಪನ್ನೂ ಅವು ಬಿಡುತ್ತಿರಲಿಲ್ಲ.

"ನಾನೇನಂದ್ಕೊಂಡೆ ಗೊತ್ತಾ?" ಎಂದಳು. "ಇಷ್ಟು ವಯಸ್ಸಾಗಿ ಮದ್ವೆ ಆಗಿಲ್ಲ ಅಂದ ತಕ್ಷಣ ದೂರ ಇಟ್ಬುಟ್ರು ಅಂತ. ಮೂರು ತಿಂಗ್ಳು. ವಾರಾ ವಾರಾ ಇಷ್ಟು ದೂರ ಹತ್ತಿ ಬಂದು ನಿಮ್ಮ ಹತ್ರ ಅಕ್ಕ ಅನ್ನಿಸ್ಕೊಂಡು ಇಳ್ದು ಹೋಗ್ತಿದ್ದೆ."

"ಯಾಕ್ ಬತ್ತಿದ್ರಿ ಹಂಗಾದ್ರೆ?"

"ಓತಿ ನೋಡಕ್ಕೆ."

"ಓತಿ ಜೂಜುವಾಡಿ ಕಾಂಪೌಂಡ್ ಮೇಲೂ ಇರ್ತದೆ."

"ಅದು ಬೇರೆ ಜಾತಿ ಓತಿ," ಎಂದಳು ಭಾನು. "ನೀವೇ ಹೇಳಿದ್ದು."

ಅವನು ನಕ್ಕ. ಬೆಳಗಿನಿಂದ ಮೊದಲ ಸಲ. ನಕ್ಕಾಗ ಅವನ ಎಡಗಣ್ಣಿನ ಪಕ್ಕ ಮೂರು ಗೆರೆ ಬೀಳುತ್ತಿದ್ದವು, ಬಲಗಣ್ಣಿಗೆ ಎರಡೇ. ಅವಳಿಗೆ ಅದು ಡಿಸೆಂಬರಿನಿಂದ ಗೊತ್ತಿತ್ತು.

ಇಬ್ಬರೂ ಅಲ್ಲಾಡದೆ ಕೂತದ್ದನ್ನು ನೋಡಿ ಇನ್‌ಸ್ಪೆಕ್ಟರಮ್ಮ ವಾಪಸು ಬಂತು. ಈ ಸಲ ಶೂ ಬಿಟ್ಟು ಅವರಿಬ್ಬರ ನಡುವಿನ ಎರಡು ಮಾರು ಬಂಡೆಯ ಮೇಲೆ ಹೊಟ್ಟೆ ಚಾಚಿ ಮಲಗಿತು. ಗಂಟಲ ಬಳಿಯ ಚರ್ಮ ಮಿಡಿಯುತ್ತಿತ್ತು. ಅದು ಅಲ್ಲಿ ಮಲಗಿರುವ ತನಕ ಇಬ್ಬರಲ್ಲಿ ಯಾರೂ ಹತ್ತಿರ ಸರಿಯುವ ಹಾಗಿರಲಿಲ್ಲ. ಅದು ಆರು ನಿಮಿಷ ಮಲಗಿತ್ತು. ಯುವರಾಜ್ ಪಿಸುಗುಟ್ಟಿದ.

"ಇನ್ನೊಂದ್ಸಲ ಕೇಳ್ಲಾ?"

"ಏನು?"

"ಮದ್ವೆ ಆಯ್ತಾ ಅಂತ."

"ಕೇಳಿ."

"ಬ್ಯಾಡ. ಆಗ್ತೀರಾ ಅಂತ್ಲೇ ಕೇಳ್ಬುಡ್ತೀನಿ. ಎರಡೆರಡು ಪ್ರಶ್ನೆ ಕೇಳಕ್ಕೆ ತ್ರಾಣ ಇಲ್ಲ ನಂಗೆ."

ಭಾನು ಓತಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ಉರಿಯುತ್ತಿತ್ತು. ನಿದ್ದೆಯಿಂದಲೋ ಬಿಸಿಲಿನಿಂದಲೋ ಎಂದು ಬೇರ್ಪಡಿಸುವ ಗೋಜಿಗೆ ಹೋಗಲಿಲ್ಲ.

"ನಂಗೂ ತ್ರಾಣ ಇಲ್ಲ," ಎಂದಳು. "ದೊಡ್ಡ ದೊಡ್ಡ ಮಾತು ಆಡಕ್ಕಾಗಲ್ಲ. ಒಲೆ ಮುಂದೆ ನಿಂತು ಯಾರ್ನೂ ಮೆಚ್ಸಕ್ಕಾಗಲ್ಲ. ಪಾಳಿ ಮುಗ್ಸಿ ಬಂದ್ರೆ ಮಾತಾಡ್ದೆ ಮಲಗ್ಬುಡ್ತೀನಿ."

"ನಾನೂ ಅಷ್ಟೇ."

"ಹಂಗಾದ್ರೆ ಆಗ್ತೀನಿ."

"ಯಾವ ಭಾಷೇಲಿ?"

"ಕನ್ನಡದಲ್ಲಿ! ಕನ್ನಡದಲ್ಲಿ ಕಣ್ರೀ!"

ಓತಿ ಬೆಚ್ಚಿ ಓಡಿತು. ಯುವರಾಜ್ ಎದ್ದು ಬಂದು ಅವಳ ಪಕ್ಕ ಕೂತ. ಇಬ್ಬರಿಗೂ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಅವನು ನೀರಿನ ಬಾಟಲಿ ಕೊಟ್ಟ, ಅವಳು ಕುಡಿದಳು. ಅವಳು ವಾಪಸು ಕೊಟ್ಟಳು, ಅವನು ಕುಡಿದ. ಆಮೇಲೆ ಅವನ ಕೈ ಬಂದು ಅವಳ ಕೈಯ ಮೇಲೆ ಕೂತಿತು, ತೂಕವೇ ಇಲ್ಲದಂತೆ.

"ಭಾನು," ಎಂದ.

ಇನ್ನೊಂದು ಸಲ ಕರೆಯಲಿ ಎಂದು ಅವಳು ಕಾದಳು. ಅವನು ಕರೆದ.

"ನಾಳೆ ಬೆಳಿಗ್ಗೇನೆ ಹೋಗಿ ಲಿಸ್ಟಿಂದ ಹೆಸ್ರು ತೆಗ್ಸ್ತೀನಿ," ಎಂದ ಆಮೇಲೆ.

"ಸೈನ್ ಹಾಕಿದ್ದೀರಲ್ಲ."

"ಕೇಳಿ ನೋಡ್ತೀನಿ. ಕಾಲಾದ್ರೂ ಹಿಡಿತೀನಿ."

"ಕಾಲ್ ಗೀಲ್ ಹಿಡೀಬ್ಯಾಡಿ," ಎಂದಳು ಭಾನು. "ಮೂರು ತಿಂಗ್ಳು ಎರಡು ಮಾರು ದೂರದಲ್ಲಿ ಕೂತು ಏನೂ ಗೊತ್ತಾಗ್ಲಿಲ್ಲ. ಒಂದ್ ವರ್ಷ ಆರು ಗಂಟೆ ದೂರ ಇದ್ರೆ ಏನಾಯ್ತದೆ? ಮೆಸೇಜ್ ಮಾತ್ರ ಹಾಕ್ಬ್ಯಾಡಿ. ಫೋನ್ ಮಾಡಿ."

ಹನ್ನೊಂದು ಗಂಟೆಗೆ ಇಳಿಯಲು ಶುರು ಮಾಡಿದರು. ಕಡಿದಾದ ಜಾಗದಲ್ಲಿ ಅವನು ಕೈ ಕೊಟ್ಟ. ಕಡಿದಾಗಿಲ್ಲದ ಜಾಗದಲ್ಲೂ ಅವಳು ಬಿಡಲಿಲ್ಲ. ಕದಿರಮ್ಮ ಟೀ ಸೋಸುತ್ತ ಆ ಕೈಗಳನ್ನು ನೋಡಿ, ಏನೂ ಕೇಳದೆ, ಎರಡೂ ಲೋಟಕ್ಕೆ ಸಕ್ಕರೆ ಹಾಕಿದರು.

"ನಂಗೆ ಸಕ್ರೆ ಬ್ಯಾಡ ಅಂದಿದ್ನಲ್ಲ ಕದಿರಕ್ಕ," ಎಂದಳು ಭಾನು.

"ಇವತ್ತೊಂದಿನ ಕುಡಿ ಸುಮ್ಕೆ."

ಕುಡಿದಳು.

ಸೋಮವಾರ ಯುವರಾಜ್ ಆಫೀಸಿಗೆ ಹೋಗಿ ಕೇಳಿದ. ಪಟ್ಟಿ ಶನಿವಾರವೇ ಚೆನ್ನೈಗೆ ಹೋಗಿದೆ, ಏನೂ ಮಾಡಲಾಗದು ಎಂದರು. ಬುಧವಾರ ಬೆಳಿಗ್ಗೆ ಐದೂವರೆಯ ಬಸ್ಸಿಗೆ ಅವನು ಹೊಸೂರಿನಿಂದ ಹೊರಟ. ಭಾನು ಪಾಳಿಯಲ್ಲಿದ್ದಳು. ಶುಕ್ರವಾರ ಅವಳು ಅಪ್ಪನಿಗೆ ವಿಷಯ ಹೇಳಿದಳು. ರಾಮಾಂಜಿನಪ್ಪ ಜಾತಿ ಕೇಳಿದರು, ಊರು ಕೇಳಿದರು, ಆಮೇಲೆ ಊಟಕ್ಕೆ ಯಾವಾಗ ಬರುತ್ತಾನೆ ಎಂದು ಕೇಳಿದರು.

ಜುಲೈ ಆರು, ಭಾನುವಾರ, ಅವನು ಪಾಳಿ ಮುಗಿಸಿ ಚೆನ್ನೈನಿಂದ ಜೂಜುವಾಡಿಗೆ ಬಂದ. ಮುದ್ದೆ ಊಟ ಆದ ಮೇಲೆ, ಮಾತುಕತೆ ಶುರುವಾಗುವ ಮೊದಲೇ, ನಡುಮನೆಯ ಚಾಪೆಯ ಮೇಲೆ ಕೂತಲ್ಲೇ ನಿದ್ದೆ ಹೋದ. ಮೂರು ಗಂಟೆ ಮಲಗಿದ್ದ. ಚೆನ್ನೈಗೆ ವಾಪಸು ಹೋಗಬೇಕಿದ್ದ ನಾಲ್ಕರ ಬಸ್ಸು ತಪ್ಪಿತು. ಯಾರೂ ಎಬ್ಬಿಸಲಿಲ್ಲ.